ಶಾಲೆಯ ಬಡ್ಡಿ ಲೆಕ್ಕ, ಕಾಫಿ ತೋಟದ ಸಾಲ

ಪ್ರಶ್ನೆ: ಶಾಲೆಯಲ್ಲಿ ಹಣಕಾಸಿನ ಪಾಠ ಕಲಿಸಿದರೆ ನಮ್ಮಂಥ ಸಣ್ಣ ಬೆಳೆಗಾರರಿಗೆ ನಿಜಕ್ಕೂ ಪ್ರಯೋಜನವಿದೆಯೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಇದೆ, ಆದರೆ ನಿರೀಕ್ಷಿಸಿದಷ್ಟಿಲ್ಲ. 201 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಸಂಶೋಧನಾ ಲೇಖನವೊಂದರ ಪ್ರಕಾರ, ಜನರ ಹಣಕಾಸಿನ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಇಂಥ ಶಿಕ್ಷಣದ ಪಾಲು ಶೇ 0.1 ಮಾತ್ರ, ಅದರ ಪರಿಣಾಮವೂ ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ ಬಹುತೇಕ ಮಾಸಿರುತ್ತದೆ. (ಶಾಲೆಯಲ್ಲಿ ಕಲಿತ ಚಕ್ರಬಡ್ಡಿಯ ಸೂತ್ರ ನನಗಂತೂ ನೆನಪಿಲ್ಲ.) ಕೊಡಗಿನಲ್ಲಿ ಕಾಫಿಯ ಹಣ ಕೈಸೇರುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ, ಆದ್ದರಿಂದ ಮಳೆಗಾಲದಲ್ಲಿ ಗೊಬ್ಬರಕ್ಕೋ ಮಕ್ಕಳ ಶುಲ್ಕಕ್ಕೋ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತರುವವರಿಗೆ, ಅದು ವರ್ಷಕ್ಕೆ ಶೇ 36 ಆಗುತ್ತದೆಂದು ಸಹಿ ಹಾಕುವ ಮೊದಲೇ ಹೇಳುವವರು ಬೇಕು. ಅಷ್ಟು ತಿಳಿದ ಮೇಲೂ ಸಹಕಾರ ಸಂಘದ ಸಾಲ ಹೊತ್ತಿಗೆ ಸಿಗದಿದ್ದರೆ ಅವರು ಮಾಡುವುದಾದರೂ ಏನು?