ಬಯಾಲಜಿ ಓದುವವರಿಗೆ ಲಾಗ್ ಯಾಕೆ ಬೇಕು?

"ರಾಯಚೂರಲ್ಲಿ ಬಿಎಸ್ಸಿ ಮೊದಲ ವರ್ಷ. ಬಯಾಲಜಿ ಇಷ್ಟ ಅಂತ ಬಂದರೆ ಇಲ್ಲೂ ಇನ್ವರ್ಸ್, ಎಕ್ಸ್‌ಪೊನೆನ್ಶಿಯಲ್, ಲಾಗ್ ಬೆನ್ನು ಬಿಡುತ್ತಿಲ್ಲ. ಇವು ನಮಗ್ಯಾಕೆ?" ಎಂದು ಕೇಳಿದ್ದೀರಿ.

ನಾನು ಗಣಿತದ ಮಾಸ್ತರನಲ್ಲ. ಗಂಗಾವತಿ ಕಡೆ ಒಂದು ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವನು. ನನಗೆ ಲಾಗ್ ಅರ್ಥವಾಗಿದ್ದು ಪಿಯುಸಿಯಲ್ಲಲ್ಲ, ಅಲ್ಲಿ ಬೈಸಿಕೊಂಡ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಮೊಸರು. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕುತ್ತೇವೆ. ಅದರಲ್ಲಿರುವ ಬ್ಯಾಕ್ಟೀರಿಯಾ ತಾಸಿಗೊಮ್ಮೆ ದುಪ್ಪಟ್ಟಾಗುತ್ತವೆ ಅಂತಿಟ್ಟುಕೊಳ್ಳಿ. 10 ತಾಸಿಗೆ ಎಷ್ಟು ಪಟ್ಟು? 1024. ಇದು ಎಕ್ಸ್‌ಪೊನೆನ್ಶಿಯಲ್. ಆದರೆ ಮನೆಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ, "ಮೊಸರು ಎಷ್ಟೊತ್ತಿಗೆ ಆಗುತ್ತೆ?" ಅಂತಾರೆ. ಅಂದರೆ, ಸಾವಿರ ಪಟ್ಟು ಆಗೋಕೆ ಎಷ್ಟು ತಾಸು ಬೇಕು? ಅದಕ್ಕೆ ಉತ್ತರ ಕೊಡುವುದೇ ಲಾಗ್. ಅದೇ ಪ್ರಶ್ನೆಯನ್ನು ಮಗುಚಿ ಕೇಳಿದ್ದು. ಇನ್ವರ್ಸ್ ಅಂದರೆ ಇಷ್ಟೇ. ಬೇಸಿಗೆಯಲ್ಲಿ 40 ನಿಮಿಷಕ್ಕೇ ದುಪ್ಪಟ್ಟಾದರೆ 400 ನಿಮಿಷ ಸಾಕು, ಏಳು ತಾಸೂ ಆಗಲ್ಲ. ನಿಮ್ಮೂರಲ್ಲಿ ಮೇ ತಿಂಗಳಲ್ಲಿ ಬೆಳಿಗ್ಗೆ ಏಳುವಷ್ಟರಲ್ಲಿ ಮೊಸರು ಹುಳಿಯಾಗಿರುವುದು ಸುಮ್ನೆ ಅಲ್ಲ. ಹುಳಿ ಜಾಸ್ತಿಯಾದ ಮೇಲೆ ಬ್ಯಾಕ್ಟೀರಿಯಾಗಳೇ ನಿಧಾನವಾಗುತ್ತವೆ. ಆಗ ಈ ಲೆಕ್ಕ ನಡೆಯಲ್ಲ.

ಎಲ್ಲ ಫಂಕ್ಷನ್ನೂ ಹೀಗೆ ಮಗುಚೋಕೆ ಬರಲ್ಲ. "ಇವತ್ತು 38 ಡಿಗ್ರಿ ಎಷ್ಟು ಗಂಟೆಗಿತ್ತು?" ಅಂದರೆ ಬಿಸಿಲು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಎರಡು ಉತ್ತರ. ಹೆಪ್ಪಿನ ಲೆಕ್ಕ ಬರೀ ಏರುತ್ತದೆ, ಅದಕ್ಕೇ ಒಂದೇ ಉತ್ತರ.

ಈಗ ನನ್ನ ಬೈಗುಳದ ಕಥೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯುವ ಹೊಲಗಳಲ್ಲಿ ತಗ್ಗಿನ ಭಾಗ ಸವಳಾಗುವುದು ನಿಮಗೂ ಗೊತ್ತಿರಬಹುದು. ಒಬ್ಬ ರೈತರು ಒಂದೇ ಹೊಲದ ಎರಡು ಕಡೆಯ ಮಣ್ಣು ತಂದಿದ್ದರು. ದಿಬ್ಬದ ಮಣ್ಣಿನ ರಸಸಾರ, ಅಂದರೆ ಪಿಎಚ್, 6.5. ತಗ್ಗಿನದ್ದು 8.5. ನಾನು ಕೂಡಿಸಿ ಎರಡರಿಂದ ಭಾಗಿಸಿ 7.5, ಅಡ್ಡಿಯಿಲ್ಲ ಅಂತ ಬರೆದುಬಿಟ್ಟೆ. ಹಿರಿಯರು ಚೀಟಿ ನೋಡಿ, "ಲಾಗನ್ನ ಸರಾಸರಿ ಮಾಡ್ತೀಯೇನೋ?" ಅಂದರು.

ಪಿಎಚ್ ಅನ್ನುವುದೇ ಹೈಡ್ರೋಜನ್ ಅಯಾನುಗಳ ಪ್ರಮಾಣದ ಲಾಗ್, ಮೈನಸ್ ಹಾಕಿದ್ದು. 1909ರಲ್ಲಿ ಡೆನ್ಮಾರ್ಕಿನ ಸೊರೆನ್‌ಸೆನ್ ಇದನ್ನು ತಂದರು, ಅದೂ ಬಿಯರ್ ಕಂಪನಿಯೊಂದರ ಲ್ಯಾಬಿನಲ್ಲಿ ಕೂತು! ಒಂದು ಅಂಕಿ ಮೇಲೆ ಹೋದರೆ ಅಯಾನು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 6.5ಕ್ಕೂ 8.5ಕ್ಕೂ ನೂರು ಪಟ್ಟು ವ್ಯತ್ಯಾಸ. ಸರಾಸರಿ ಬೇಕೇಬೇಕು ಅಂದರೆ ಮೊದಲು ಲಾಗ್ ಬಿಚ್ಚಿ ಅಯಾನಿನ ಪ್ರಮಾಣ ಮಾಡಿಕೊಳ್ಳಬೇಕು, ಸರಾಸರಿ ತೆಗೆದು ಮತ್ತೆ ಲಾಗ್ ಹಾಕಬೇಕು. ಬರುವುದು ಸುಮಾರು 6.8. ಅದೂ ಕಾಗದದ ಮೇಲಷ್ಟೇ. ಮಣ್ಣು ತನ್ನ ರಸಸಾರವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲ್ಲ, ಹಾಗಾಗಿ ಎರಡೂ ಮಣ್ಣು ಬೆರೆಸಿ ಅಳೆದರೆ ಬೇರೆಯೇ ಅಂಕಿ ಬಂದೀತು. ಅಸಲಿಗೆ ಅಲ್ಲಿ ಸರಾಸರಿಯೇ ಬೇಕಿರಲಿಲ್ಲ. ತಗ್ಗಿಗೆ ಬೇರೆ ಉಪಚಾರ ಬೇಕಿತ್ತು, ನನ್ನ 7.5 ಅದನ್ನು ಮುಚ್ಚಿಹಾಕಿತ್ತು.

ಔಷಧಿಯ ಅರ್ಧಾಯುಷ್ಯವೂ ಇದೇ ಲೆಕ್ಕ, ಇಳಿಯುವ ದಿಕ್ಕಿನಲ್ಲಿ. ಚಹಾದ ಕೆಫೀನ್ ಅರ್ಧವಾಗಲು ಹೆಚ್ಚಿನವರಿಗೆ ಸುಮಾರು 5 ತಾಸು. ಸಂಜೆ ಆರಕ್ಕೆ ಒಗ್ಗರಣೆ-ಮಿರ್ಚಿ ಜೊತೆ ಕುಡಿದರೆ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೋಗುವ ಮುಂಚೆ ನಿಮ್ಮ ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಮ್ಮೆ ನೋಡಿ. ಲಾಗ್ ಗುಂಡಿಯನ್ನೇ ಶಿಫ್ಟ್ ಒತ್ತಿ ಒತ್ತಿದರೆ ಹತ್ತರ ಘಾತ ಬರುತ್ತದೆ, ಎರಡಕ್ಕೂ ಒಂದೇ ಗುಂಡಿ. ಪಿಎಚ್‌ಗೆ ಈ ಹತ್ತರ ಲಾಗೇ ಬೇಕು. ಪಕ್ಕದ ಎಲ್‌ಎನ್ (ಹತ್ತರ ಬದಲು ಸುಮಾರು 2.718ರ ಲಾಗ್) ಒತ್ತಿದರೆ ಉತ್ತರ 2.3 ಪಟ್ಟು ದೊಡ್ಡದಾಗಿ ಬರುತ್ತದೆ. ಅದನ್ನೂ ಮಾಡಿ ಬೈಸಿಕೊಂಡಿದ್ದೇನೆ.