ಐದು ಜನರ ಓಪನ್ ಸೋರ್ಸ್ ತಂಡಕ್ಕೆ ಯಾವ ಬಗ್ ಟ್ರ್ಯಾಕರ್ ಸರಿ?

ನೀವು ಕೇಳಿರೋದು ಇಷ್ಟು: ಚಿಕ್ಕಬಳ್ಳಾಪುರದಲ್ಲಿ ಐದು ಜನ ಸೇರಿ ಹಳ್ಳಿ ಹಾಲಿನ ಡೇರಿಗಳ ಲೆಕ್ಕ ಬರೆಯೋ ಓಪನ್ ಸೋರ್ಸ್ (ಕೋಡನ್ನ ಯಾರು ಬೇಕಾದರೂ ನೋಡಿ ತಿದ್ದಬಹುದಾದ) ಆ್ಯಪ್ ಮಾಡಿದ್ದೀರಿ, ಕೋಡ್ ಗಿಟ್‌ಹಬ್ ಅನ್ನೋ ಕೋಡ್ ಇಡೋ ತಾಣದಲ್ಲಿದೆ. ಬಗ್‌ಗಳನ್ನ, ಅಂದರೆ ಪ್ರೋಗ್ರಾಮಿನ ದೋಷಗಳನ್ನ, ಬರೆದಿಡೋಕೆ ಬಗ್‌ಝಿಲ್ಲಾ, ರೆಡ್‌ಮೈನ್ ಥರದ ಬೇರೆ ಟ್ರ್ಯಾಕರ್ ಹಾಕಬೇಕಾ, ಇಲ್ಲಾ ಗಿಟ್‌ಹಬ್‌ನಲ್ಲೇ ಇರೋ ಬಗ್ ಪಟ್ಟಿ ‘ಇಶ್ಯೂಸ್’ ಸಾಕಾ?

ಸಾಕು. ಕೋಡ್ ಎಲ್ಲಿದೆಯೋ ಬಗ್‌ಗಳೂ ಅಲ್ಲೇ ಇರಲಿ. ಕೋಡ್ ಬದಲಾವಣೆ ದಾಖಲಿಸುವಾಗ ಬರೆಯೋ ಕಮಿಟ್ ಸಂದೇಶದಲ್ಲಿ ‘ಫಿಕ್ಸಸ್’ ಅಂತ ಇಂಗ್ಲಿಷ್‌ನಲ್ಲಿ ಬರೆದು ಬಗ್ ನಂಬರ್ ಹಾಕಿದರೆ, ಆ ಬದಲಾವಣೆ ಮುಖ್ಯ ಬ್ರಾಂಚಿಗೆ (ಕೋಡಿನ ಮುಖ್ಯ ಪ್ರತಿಗೆ) ಸೇರಿದ ತಕ್ಷಣ ಆ ಬಗ್ ತಾನಾಗಿ ಮುಚ್ಚಿಕೊಳ್ಳುತ್ತೆ. ಸಣ್ಣ ತಂಡಕ್ಕೆ ಇದೊಂದೇ ಎಷ್ಟೋ ಕೆಲಸ ಉಳಿಸುತ್ತೆ. ಆದರೆ ಯಾವ ಟ್ರ್ಯಾಕರ್ ಅನ್ನೋದಕ್ಕಿಂತ ಮೊದಲು ಬಗ್ ಹೇಳೋರು ಯಾರು ಅಂತ ಯೋಚಿಸಿ. ನಾವು ಎಡವಿದ್ದು ಅಲ್ಲೇ.

ನಾನು ಕೋಲಾರದವನು. ಟೊಮೆಟೊ ಮಂಡಿಗಳ ದಿನದ ಲೆಕ್ಕ ಬರೆಯೋ ಪುಟ್ಟ ಓಪನ್ ಸೋರ್ಸ್ ಪ್ರೋಗ್ರಾಮೊಂದನ್ನ ಮೂವರು ಸೇರಿ ನೋಡಿಕೊಳ್ತಿದ್ದೀವಿ. ಶುರುವಿನಲ್ಲಿ ಸರ್ವರ್ ಬಾಡಿಗೆಗೆ ತಗೊಂಡು ದೊಡ್ಡ ಟ್ರ್ಯಾಕರೊಂದನ್ನ ಹಾಕಿದ್ವಿ. ಆದ್ಯತೆ, ತೀವ್ರತೆ, ಕಾಂಪೊನೆಂಟ್, ಆವೃತ್ತಿ ಎಲ್ಲ ತುಂಬಿದರೇ ಒಂದು ಬಗ್ ದಾಖಲಾಗೋದು. ಸ್ಪ್ಯಾಮ್ ಅಕೌಂಟುಗಳ ಕಾಟ ತಡೆಯಲಾರದೆ ನೋಂದಣಿ ಮುಚ್ಚಿದ್ವಿ. ಅದಾದ ಮೇಲೆ ಹೊರಗಿನ ಒಬ್ಬರೂ ಒಂದು ಬಗ್ ಬರೆಯಲಿಲ್ಲ. ಆ ಟ್ರ್ಯಾಕರನ್ನ ಅಪ್‌ಡೇಟ್ ಮಾಡೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಆ ಹೊತ್ತಿಗೆ ಬಂದದ್ದು ಮಂಡಿ ಗುಮಾಸ್ತರೊಬ್ಬರ ವಾಟ್ಸ್‌ಆ್ಯಪ್ ಮೆಸೇಜು: ‘ಸಾರ್, ಟೋಟಲ್ ಬರ್ತಿಲ್ಲ.’ ಜೊತೆಗೊಂದು ಮಸುಕು ಫೋಟೊ. ನಮ್ಮ ಫೋನುಗಳಲ್ಲಿ ಟೋಟಲ್ ಸರಿಯಾಗೇ ಬರ್ತಿತ್ತು, ಹಾಗಾಗಿ ಬಿಟ್ಟುಬಿಟ್ವಿ. ಮೆಸೇಜು ಕೆಳಗೆ ಹೋಯ್ತು. ಮೂರು ವಾರದ ಮೇಲೆ ಹರಾಜು ಮುಗಿಯೋ ಹೊತ್ತಿಗೆ ಹೋಗಿ ಅವರ ಪಕ್ಕದಲ್ಲೇ ಕೂತೆ. ಬಾಕ್ಸ್ ಲೆಕ್ಕದ ಜಾಗದಲ್ಲಿ ಅವರು ಒತ್ತಿದ್ದು ೪೦. ಕನ್ನಡ ಅಂಕಿ! ಅವರ ಕೀಬೋರ್ಡ್ ಕೊಡ್ತಿದ್ದದ್ದೇ ಅದನ್ನ. ಸರ್ವರ್‌ನಲ್ಲಿ ನಾವು ಬಳಸೋ ಪೈಥಾನ್ ಭಾಷೆಯ ‘ಇಂಟ್’ ಫಂಕ್ಷನ್ನಿಗೆ ೪೦ ಕೊಟ್ಟರೆ 40 ಅಂತಲೇ ಓದಿಕೊಳ್ಳುತ್ತೆ, ಹಾಗಾಗಿ ನಮ್ಮ ಸರ್ವರ್ ಟೆಸ್ಟುಗಳೆಲ್ಲ ಪಾಸ್. ಬ್ರೌಸರ್‌ನಲ್ಲಿ ಓಡೋ ಜಾವಾಸ್ಕ್ರಿಪ್ಟ್‌ನ ‘ನಂಬರ್’ ಅದನ್ನ ಸಂಖ್ಯೆ ಅಂತಲೇ ಒಪ್ಪಲ್ಲ. ತಿದ್ದೋಕೆ ಹಿಡಿದದ್ದು ಹತ್ತು ನಿಮಿಷ. ‘ನೀವು ಏನು ಟೈಪ್ ಮಾಡಿದ್ರಿ, ಅದನ್ನೇ ಇಲ್ಲಿ ಹಾಕಿ’ ಅಂತ ಮೊದಲ ದಿನವೇ ಯಾರಾದರೂ ಕೇಳಿದ್ದರೆ ಆ ಮನುಷ್ಯ ಮೂರು ವಾರ ಕ್ಯಾಲ್ಕುಲೇಟರ್ ಹಿಡಿದು ಕೂರಬೇಕಿರಲಿಲ್ಲ. ಇವತ್ತಿಗೂ ನೆನೆದರೆ ಬೇಜಾರಾಗುತ್ತೆ.

ಆಮೇಲೆ ಎಲ್ಲವನ್ನೂ ಇಶ್ಯೂಸ್‌ಗೆ ತಂದ್ವಿ. ಹೊಸ ಬಗ್ ತೆರೆದರೆ ಕಾಣೋ ಟೆಂಪ್ಲೇಟನ್ನ ಕನ್ನಡದಲ್ಲೇ ಬರೆದು ಮೂರೇ ಪ್ರಶ್ನೆ ಇಟ್ವಿ: ಏನು ಒತ್ತಿದ್ರಿ, ಏನು ಬಂತು, ಏನು ಬರಬೇಕಿತ್ತು. ಫೋಟೊ ಇದ್ದರೂ ಅಕ್ಷರಗಳನ್ನ ಕಾಪಿ ಮಾಡಿ ಹಾಕಿ ಅಂತ ಕೇಳ್ತೀವಿ. ಕನ್ನಡದಲ್ಲಿ ಇದು ಕಡ್ಡಾಯ ಅಂತಲೇ ನನ್ನ ಅನಿಸಿಕೆ, ಯಾಕಂದರೆ ಕಣ್ಣಿಗೆ ಕಾಣದ ಜೋಡಕಗಳು (ಅಕ್ಷರ ಹೇಗೆ ಕೂಡಬೇಕು ಅಂತ ಕಂಪ್ಯೂಟರಿಗೆ ಹೇಳೋ ಗುರುತುಗಳು) ಫೋಟೊದಲ್ಲಿ ಗೊತ್ತಾಗಲ್ಲ. ‘ರ‍್ಯಾಂಕ್’ ಅನ್ನೋದು ‘ರ್ಯಾಂಕ್’ ಆಗೋದು ಅಂಥದ್ದೊಂದು ಜೋಡಕ ಬಿದ್ದುಹೋದಾಗ. ಗುಮಾಸ್ತರಿಗೆ ಗಿಟ್‌ಹಬ್ ಅಕೌಂಟ್ ಮಾಡಿ ಅನ್ನೋದು ಆಗದ ಮಾತು. ಅವರು ಫೋನ್ ಮಾಡ್ತಾರೆ, ನಮ್ಮಲ್ಲೊಬ್ಬರು ಅವರ ಮಾತನ್ನ ಹಾಗೇ ಇಶ್ಯೂಸ್‌ನಲ್ಲಿ ಬರೆದು ಆ ಬಗ್ ನಂಬರ್ ಹೇಳ್ತಾರೆ. ನಿಮ್ಮ ಡೇರಿ ಕಾರ್ಯದರ್ಶಿಗಳಿಗೂ ಇದೇ ದಾರಿ ಹಿಡಿಸಬಹುದು.

ಇನ್ನೊಂದು, ದಯವಿಟ್ಟು ಮರೀಬೇಡಿ. ರೆಪೊಸಿಟರಿ (ನಿಮ್ಮ ಕೋಡ್ ಇರೋ ಜಾಗ) ಪಬ್ಲಿಕ್ ಆಗಿದ್ದರೆ ಇಶ್ಯೂಗಳೂ ಎಲ್ಲರಿಗೂ ಕಾಣ್ತವೆ. ಡೇರಿ ಸ್ಕ್ರೀನ್‌ಶಾಟಿನಲ್ಲಿ ರೈತರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಇರುತ್ತೆ. ಅಳಿಸಿಯೇ ಹಾಕಿ.

ಬಳಕೆದಾರರು ಇಮೇಲ್ ಬರೆಯೋರಾದರೆ ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬ್ ನೋಡಿ, ಅದರ ಸರ್ವಿಸ್ ಡೆಸ್ಕ್ ಬಂದ ಇಮೇಲನ್ನೇ ಇಶ್ಯೂ ಮಾಡುತ್ತೆ. ಡೆಬಿಯನ್ ಅನ್ನೋ ಲಿನಕ್ಸ್ ಯೋಜನೆಯ ಬಗ್ ವ್ಯವಸ್ಥೆಯಂತೂ ಪೂರ್ತಿ ಇಮೇಲ್ ಮೇಲೇ ನಡೆಯುತ್ತೆ. ಮೈಕ್ರೋಸಾಫ್ಟ್ 2018ರಲ್ಲಿ ಗಿಟ್‌ಹಬ್ ಕೊಂಡಿದ್ದು ನಿಮಗೆ ಒಗ್ಗದಿದ್ದರೆ, ಬರ್ಲಿನ್‌ನ ಲಾಭರಹಿತ ಸಂಘ ನಡೆಸೋ ಕೋಡ್‌ಬರ್ಗ್ ಅನ್ನೋ ತಾಣ ಇದೆ.

ಬಗ್‌ಝಿಲ್ಲಾ ಕೆಟ್ಟದ್ದು ಅಂತಲ್ಲ. 1998ರಲ್ಲಿ ಮೊಝಿಲ್ಲಾಗೆ (ಫೈರ್‌ಫಾಕ್ಸ್ ಬ್ರೌಸರ್ ಮಾಡೋರು) ಅಂತ ಹುಟ್ಟಿದ್ದು, ಮೊಝಿಲ್ಲಾ ಇವತ್ತಿಗೂ ಬಳಸುತ್ತೆ. ಆದರೆ ಲಿನಕ್ಸ್ ಡೆಸ್ಕ್‌ಟಾಪ್ ಮಾಡೋ ಗ್ನೋಮ್ ಯೋಜನೆ 2018ರಲ್ಲಿ ಅದನ್ನ ಬಿಟ್ಟು ಗಿಟ್‌ಲ್ಯಾಬ್‌ಗೆ ಹೋಯ್ತು, ಕಂಪೈಲರ್ ಸಾಧನಗಳನ್ನ ಮಾಡೋ ಎಲ್‌ಎಲ್‌ವಿಎಂ ಯೋಜನೆ 2021ರಲ್ಲಿ ಗಿಟ್‌ಹಬ್‌ಗೆ. ವಿಕಿಪೀಡಿಯಾ ನಡೆಸೋ ವಿಕಿಮೀಡಿಯಾ 2014ರಲ್ಲಿ ಫ್ಯಾಬ್ರಿಕೇಟರ್ ಅನ್ನೋ ಬೇರೆ ಟ್ರ್ಯಾಕರಿಗೆ ಹೋಯ್ತು, 2021ರಲ್ಲಿ ಆ ಫ್ಯಾಬ್ರಿಕೇಟರ್ ಮಾಡ್ತಿದ್ದವರೇ ಕೆಲಸ ನಿಲ್ಲಿಸಿದರು. ಗಿಟ್‌ಹಬ್‌ನ ಹಾಗೆ ಕೋಡ್ ಇಡೋ ತಾಣವಾಗಿದ್ದ ಗೂಗಲ್ ಕೋಡ್ 2016ರಲ್ಲಿ ಬಾಗಿಲು ಹಾಕಿತು. ನೀವೂ ಒಂದು ದಿನ ಮನೆ ಬದಲಾಯಿಸ್ತೀರಿ ಅಂದುಕೊಂಡೇ ಆರಿಸಿ.

ಅದಕ್ಕೇ ಬ್ಯಾಕಪ್ ಮಾತು. ಗಿಟ್ ಕ್ಲೋನ್ ಮಾಡಿದರೆ, ಅಂದರೆ ರೆಪೊಸಿಟರಿಯ ನಕಲು ಇಳಿಸಿಕೊಂಡರೆ, ಕೋಡ್ ಬರುತ್ತೆ, ಇಶ್ಯೂಗಳು ಬರಲ್ಲ. ನಾವು ವಾರಕ್ಕೊಮ್ಮೆ ಗಿಟ್‌ಹಬ್‌ನ ಕಮಾಂಡ್ ಲೈನ್ ಸಾಧನದಿಂದ ಎಲ್ಲ ಇಶ್ಯೂಗಳನ್ನೂ ಜೇಸನ್ ಅನ್ನೋ ಪಠ್ಯ ರೂಪದ ಫೈಲಿಗೆ ಇಳಿಸಿಕೊಳ್ತೀವಿ. ಮೊದಲ ಸಲ ಇಳಿಸಿದ ಫೈಲಿನಲ್ಲಿ ಇದ್ದದ್ದು 30 ಮಾತ್ರ, ಮುಚ್ಚಿದ ಇಶ್ಯೂ ಒಂದೂ ಇರಲಿಲ್ಲ. ಆ ಕಮಾಂಡಿಗೆ ಬೇರೇನೂ ಹೇಳದಿದ್ದರೆ ತೆರೆದಿರೋ 30 ಕೊಟ್ಟು ಸುಮ್ಮನಾಗುತ್ತೆ. ಲಿಮಿಟ್ ಹೆಚ್ಚಿಸಿ, ಸ್ಟೇಟ್ ಅನ್ನೋ ಕಡೆ ‘ಆಲ್’ ಹಾಕಿ, ಇಳಿದ ಮೇಲೆ ಒಂದು ಸಲ ಎಣಿಸಿ ನೋಡಿ.