ಪ್ರಯೋಗಕ್ಕೆ ಸಿಗದ ವಿಷಯಗಳಲ್ಲಿ ಪುರಾವೆ

ವಿಜ್ಞಾನದ ವಿಧಾನವು ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಒಪ್ಪುತ್ತದೆ, ಆದರೆ ಪ್ರಯೋಗವನ್ನೇ ಮಾಡಲಾಗದ ಇತಿಹಾಸ, ಕಾನೂನಿನಂತಹ ವಿಷಯಗಳು ಹೇಳುವುದನ್ನು ಅಷ್ಟೇ ಗಟ್ಟಿಯಾದ ಜ್ಞಾನವೆಂದು ಹೇಗೆ ಒಪ್ಪುವುದು ಎಂದು ತಮ್ಮ ಸೆಮಿನಾರಿಗಾಗಿ ಕೇಳಿದ್ದೀರಿ. ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನು. ಪ್ರಯೋಗವೇ ನನ್ನ ಕಸುಬು. ಆದರೂ ನನ್ನ ದೃಷ್ಟಿಯಲ್ಲಿ ಪ್ರಯೋಗವು ಪುರಾವೆಗೆ ಇರುವ ಹಲವು ದಾರಿಗಳಲ್ಲಿ ಒಂದು ಮಾತ್ರ. ಒಂದು ಶಾಸ್ತ್ರದ ಗಟ್ಟಿತನವನ್ನು ಅಳೆಯಬೇಕಾದರೆ, ಅಲ್ಲಿ ಆಡಿದ ಮಾತು ತಪ್ಪಾಗಿದ್ದ ಪಕ್ಷದಲ್ಲಿ ಅದನ್ನು ತಪ್ಪೆಂದು ತೋರಿಸಿಕೊಡುವ ಉಪಾಯ ಅಲ್ಲಿದೆಯೇ ಎಂದು ಕೇಳಬೇಕು.

ಪ್ರಯೋಗ ಸಾಧ್ಯವಿರುವ ಕಡೆಯೂ ಕೆಲಸ ಜನ ತಿಳಿದಷ್ಟು ಸರಳವಲ್ಲ. ನಮ್ಮ ಭಾಗದ ತೊಗರಿಗೆ ಬರುವ ನೆಟೆ ರೋಗವನ್ನೇ ನೋಡಿ. ಹೂವಾಡುವ, ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ನೆಲದಲ್ಲಿ ತೇವ ಕಡಿಮೆಯಾದರೂ ಗಿಡ ಒಣಗುತ್ತದೆ, ಬೇರು ಕೊಳೆತರೂ ಒಣಗುತ್ತದೆ. ಬದುವಿನ ಮೇಲೆ ನಿಂತು ನೋಡಿದವರಿಗೆ ಮೂರೂ ಒಂದೇ. ಗಿಡವನ್ನು ಕಿತ್ತು ಬುಡದ ಕಾಂಡವನ್ನು ಉದ್ದಕ್ಕೆ ಸೀಳಿದಾಗ, ನೀರು ಸಾಗಿಸುವ ನಾಳಗಳು ಇರುವಲ್ಲಿ ಕಂದು, ಕಪ್ಪು ಗೆರೆಗಳು ಕಂಡರೆ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರದ ಮೇಲಿನ ಅನುಮಾನ ಬಲವಾಗುತ್ತದೆ. ಬಲವಾದರೂ ಅದು ಅನುಮಾನವೇ. ರೋಗ ತಗುಲಿದ ಗಿಡದಿಂದ ಆ ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸಿ, ಅದನ್ನು ಆರೋಗ್ಯವಾಗಿರುವ ಗಿಡಕ್ಕೆ ತಗುಲಿಸಿ, ಅದೇ ರೋಗ ಬರುವುದನ್ನು ಕಂಡು, ಆ ಗಿಡದಿಂದಲೂ ಅದೇ ಶಿಲೀಂಧ್ರ ಮತ್ತೆ ಸಿಕ್ಕಿದ ಮೇಲೆ ಮಾತ್ರ ಕಾರಣ ಇದೇ ಎಂದು ಹೇಳಲು ಬರುತ್ತದೆ.

ರೋಗ ತಡೆಯುವ ತಳಿಯ ಆಯ್ಕೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹೊಸ ತಳಿಯನ್ನು ಬಿತ್ತಿದ ವರ್ಷ ರೋಗ ಬರಲಿಲ್ಲವೆಂದರೆ ಅದು ತಳಿಯ ಗುಣವೇ, ಅಥವಾ ಆ ಹೊಲದಲ್ಲಿ ರೋಗಾಣುವೇ ಇರಲಿಲ್ಲವೇ? ಇದನ್ನು ತಿಳಿಯಲೆಂದು ಸಂಶೋಧಕರು ರೋಗ ತುಂಬಿದ ಮಣ್ಣಿನ ತಾಕನ್ನು ಬೇಕೆಂದೇ ಉಳಿಸಿಕೊಂಡು, ಪರೀಕ್ಷೆಯ ತಳಿಗಳ ನಡುನಡುವೆ ಬೇಗ ರೋಗಕ್ಕೆ ಬೀಳುವ ತಳಿಯ ಸಾಲುಗಳನ್ನು ಬಿತ್ತುತ್ತಾರೆ. ಆ ಸಾಲುಗಳು ಸತ್ತು ಪಕ್ಕದ ಸಾಲು ಉಳಿದರೆ ಮಾತ್ರ ಉಳಿದದ್ದಕ್ಕೆ ಅರ್ಥವಿದೆ. ಜೊತೆಗೆ ನಮ್ಮ ಎರಿ ಹೊಲದಲ್ಲಿ ನೀರು ನಿಲ್ಲುವ ತಗ್ಗು ಬೇರೆ, ಬೇಗ ಆರುವ ದಿಬ್ಬ ಬೇರೆ. ಆದ್ದರಿಂದ ಯಾವ ತಳಿ ಯಾವ ತಾಕಿಗೆ ಎಂಬುದನ್ನು ಮನಸ್ಸಿಗೆ ಬಂದಂತೆ ಗೊತ್ತುಮಾಡದೆ ಚೀಟಿ ಎತ್ತಿ ಗೊತ್ತುಮಾಡಿ, ಪ್ರತಿ ತಳಿಯನ್ನೂ ಹಲವು ತಾಕುಗಳಲ್ಲಿ ಬಿತ್ತಬೇಕು. ಈ ಕ್ರಮವನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ರೂಪಿಸಿದರು. ಮುಂದೆ ಅದು ಔಷಧಗಳ ಪರೀಕ್ಷೆಗೂ ಹೋಯಿತು. ಆಸ್ಪತ್ರೆ ಹೊಲದಿಂದ ಕಲಿತ ಪಾಠ ಇದು.

ಇನ್ನು ಪ್ರಯೋಗಕ್ಕೆ ಸಿಗದ ವಿಷಯಕ್ಕೆ ಬರೋಣ. ಯಾದಗಿರಿ ಜಿಲ್ಲೆಯ ಕೊಡೇಕಲ್, ಬೂದಿಹಾಳಗಳಲ್ಲಿರುವಂತಹ ಬೂದಿ ದಿಬ್ಬಗಳು ಬಳ್ಳಾರಿ, ರಾಯಚೂರು ಕಡೆಯೂ ಇವೆ. ಅವುಗಳಲ್ಲಿ ಮೆತ್ತನೆಯ ಬೂದಿಯಿದೆ, ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟವೂ ಇದೆ. ರಾಕ್ಷಸರನ್ನು ಸುಟ್ಟ ಬೂದಿ ಎಂಬ ಐತಿಹ್ಯವಿತ್ತು. ಜ್ವಾಲಾಮುಖಿಯದ್ದೆಂದವರು, ಕುಲುಮೆಯ ಕಿಟ್ಟವೆಂದವರು ಇದ್ದರು. ದನದ ಸಗಣಿ ಸುಟ್ಟದ್ದಿರಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಊಹಿಸಿದ್ದರು. ಸಾವಿರಾರು ವರ್ಷ ಹಿಂದಿನ ಬೆಂಕಿಯನ್ನು ಮತ್ತೆ ಹಚ್ಚಿ ನೋಡಲಾಗದು. ಆದರೆ ಪ್ರತಿ ಊಹೆಯೂ ತನ್ನದೇ ಗುರುತನ್ನು ಬಿಟ್ಟಿರಬೇಕು. ಜ್ವಾಲಾಮುಖಿಯಾದರೆ ಅಡಿಯಲ್ಲಿ ಅದರ ಬಾಯಿ ಇರಬೇಕು, ಕಬ್ಬಿಣದ ಕುಲುಮೆಯಾದರೆ ಕಿಟ್ಟದಲ್ಲಿ ಕಬ್ಬಿಣದ ಅಂಶ ಮಿಕ್ಕಿರಬೇಕು, ದನದ ದೊಡ್ಡಿಯಾದರೆ ದನ ನಿಂತ ಕುರುಹು ಇರಬೇಕು. 1957ರಲ್ಲಿ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಕುಳಿಗಳು ಸಿಕ್ಕವು, ಜೊತೆಗೆ ದನಗಳ ಗೊರಸಿನ ಅಚ್ಚುಗಳೂ ಸಿಕ್ಕವು. ಹುಲ್ಲಿನಲ್ಲಿರುವ ಮರಳಿನ ಅಂಶ ಸಗಣಿಗೆ ಸೇರಿ, ಹೆಚ್ಚಿನ ಶಾಖದಲ್ಲಿ ಕರಗಿ ಕಿಟ್ಟವಾಗಬಲ್ಲದು ಎಂಬುದು ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ತಿಳಿಯಿತು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಜನ ವಾಸಿಸಿದ ನೆಲೆಯೂ ಕಂಡಿತು. ಗೊರಸಿನ ಒಂದು ಅಚ್ಚು ಉಳಿದ ಊಹೆಗಳನ್ನು ಹೀಗೆ ಪಕ್ಕಕ್ಕೆ ಸರಿಸಿದ್ದು ನನಗೆ ಯಾವ ಪ್ರಯೋಗಾಲಯದ ಫಲಿತಾಂಶಕ್ಕೂ ಕಡಿಮೆಯೆನಿಸುವುದಿಲ್ಲ.

ಅದೇ ದಿಬ್ಬದಲ್ಲಿ ಪುರಾವೆಯ ಮಿತಿಯೂ ಕಾಣುತ್ತದೆ. ಇದ್ದಿಲು, ಮೂಳೆಗಳಲ್ಲಿರುವ ಇಂಗಾಲ-14 ಸುಮಾರು 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ಅವುಗಳ ಕಾಲ ತಿಳಿಯುತ್ತದೆ. ಆದರೆ ಗೊಬ್ಬರವಾಗಬಲ್ಲ ಸಗಣಿಯನ್ನು ಅಷ್ಟು ರಾಶಿಯಾಗಿ ಏಕೆ ಸುಟ್ಟರು? ರೋಗ ಹರಡದಿರಲೆಂದೋ, ಹಬ್ಬದ ಆಚರಣೆಯೋ, ಬೆಂಕಿ ತಾನಾಗಿ ಬಿದ್ದದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ, ಇಂಗಾಲದ ಲೆಕ್ಕ ಅದನ್ನು ಬಗೆಹರಿಸಲಾರದು. ಅಗೆತ ಎಂಬುದು ಅಗೆದ ಪದರವನ್ನೇ ಅಳಿಸುವ ಕೆಲಸವಾದ್ದರಿಂದ ಅಲ್ಲಿ ಎರಡನೆಯ ಅವಕಾಶವೂ ಇಲ್ಲ. ಪುರಾತತ್ತ್ವದವರು ಅಳತೆ, ನಕ್ಷೆ, ಟಿಪ್ಪಣಿಗಳಿಗೆ ಅಷ್ಟು ಮಹತ್ವ ಕೊಡುವುದು ಅದಕ್ಕಾಗಿಯೇ. ಈ ದಿಬ್ಬಗಳ ಬೂದಿಯನ್ನು ಹೊಲಕ್ಕೆ ಹೇರಿಕೊಂಡು ಹೋಗುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬರಹ ಸಿಕ್ಕಿದ ಕಡೆ ಎಲ್ಲವೂ ಸ್ಪಷ್ಟವೆಂದು ತಿಳಿಯುವವರಿದ್ದಾರೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಸಿಕ್ಕ ಉಬ್ಬುಶಿಲ್ಪವೊಂದರಲ್ಲಿ ರಾಜ, ರಾಣಿ, ಪರಿವಾರದವರಿದ್ದಾರೆ. ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’, ಅಂದರೆ ‘ರಾಜ ಅಶೋಕ’ ಎಂದು ಕೆತ್ತಿದೆ. ಶಿಲ್ಪಿ ತೋರಿಸಹೊರಟದ್ದು ಅಶೋಕನನ್ನೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಆದರೆ ಅಶೋಕ ತೀರಿಕೊಂಡು ತಲೆಮಾರುಗಳು ಕಳೆದ ಮೇಲೆ ಕೆತ್ತಿದ ಕಲ್ಲು ಅದು. ಅಶೋಕ ಹೀಗೆಯೇ ಇದ್ದ ಎಂದು ಪಟ ತೋರಿಸುವವರು ಆ ಕಲ್ಲು ಹೇಳದ್ದನ್ನು ಅದರ ಬಾಯಿಗೆ ತುರುಕುತ್ತಿದ್ದಾರೆ. ಸಾಕ್ಷಿ ಯಾವ ಕಾಲದ್ದು, ಯಾರಿಗಾಗಿ ಮಾಡಿದ್ದು, ಯಾವ ಪ್ರಶ್ನೆಗೆ ಅದು ಉತ್ತರ ಕೊಡಬಲ್ಲದು ಎಂದು ಕೇಳುವುದು ಇತಿಹಾಸದಲ್ಲಿ ಹೊಲದ ತಾಕುಗಳಷ್ಟೇ ಕಟ್ಟುನಿಟ್ಟಾದ ಕ್ರಮ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು ಪ್ರಮಾಣಗಳೆಂದು ಎಣಿಸಿ, ಅವು ಇಲ್ಲದಾಗ ಮಾತ್ರ ಬೆಂಕಿ, ನೀರು ಮುಂತಾದವುಗಳಿಂದ ನಿಜವನ್ನು ದೈವಕ್ಕೆ ಬಿಡುವ ದಿವ್ಯಪರೀಕ್ಷೆಗೆ ಎಡೆಗೊಡುತ್ತದೆ. ಪತ್ರವೋ, ಅನುಭೋಗವೋ, ಕಂಡವರ ಮಾತೋ ಇದ್ದಲ್ಲಿ ದೈವವನ್ನು ಕರೆಯಬೇಕಿಲ್ಲ ಎಂಬ ಆ ಅನುಕ್ರಮವೇ ದೊಡ್ಡ ವಿಚಾರ. ಇಂದಿನ ನ್ಯಾಯಾಲಯ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಷ್ಟು ಪುರಾವೆ ಕೇಳುತ್ತದೆ. ಸಿವಿಲ್ ದಾವೆಯಲ್ಲಿ ಯಾರ ಮಾತು ನಿಜವಾಗಿರುವ ಸಂಭವ ಹೆಚ್ಚೋ ಅವರ ಕಡೆ ತೀರ್ಪಾಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣವಿದೆ: ತಪ್ಪಿದರೆ ಒಂದು ಕಡೆ ನಿರಪರಾಧಿ ಜೈಲಿಗೆ ಹೋಗುತ್ತಾನೆ, ಇನ್ನೊಂದು ಕಡೆ ಜಮೀನೋ ಹಣವೋ ಕೈತಪ್ಪುತ್ತದೆ. ತೊಗರಿಯ ಸಂಶೋಧಕ ಇನ್ನೊಂದು ಹಂಗಾಮು ಕಾಯಬಹುದು. ನ್ಯಾಯಾಧೀಶರು ಮುಂದಿರುವ ದಾಖಲೆಗಳ ಮೇಲೆಯೇ ತೀರ್ಪು ಕೊಡಬೇಕು.

ನಿಮ್ಮ ಸೆಮಿನಾರಿಗೆ ಎಲ್ಲ ಶಾಸ್ತ್ರಗಳನ್ನೂ ಎಳೆದು ತರುವ ಬದಲು ಬೂದಿ ದಿಬ್ಬದಂತಹ ಒಂದೇ ವಿವಾದವನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅದರ ಪ್ರತಿ ಊಹೆಯ ಎದುರು, ಅದು ನಿಜವಾಗಿದ್ದರೆ ನೆಲದಲ್ಲಿ ಏನು ಸಿಗಬೇಕಿತ್ತು, ನಿಜಕ್ಕೂ ಏನು ಸಿಕ್ಕಿತು ಎಂದು ಬರೆಯುತ್ತಾ ಹೋಗಿ. ಆಮೇಲೆ ಅದೇ ಪಟ್ಟಿಯನ್ನು ಸಗಣಿ ಸುಟ್ಟ ಕಾರಣಗಳಿಗೂ ಮಾಡಿ. ಯಾವ ಕಲಂಗಳು ಖಾಲಿ ಉಳಿಯುತ್ತವೆ ಎಂಬುದನ್ನು ಸಭೆಗೆ ತೋರಿಸಿದರೆ ಚರ್ಚೆ ತಾನಾಗಿಯೇ ಅಲ್ಲಿಂದ ಮುಂದುವರಿಯುತ್ತದೆ.